ಮಾವನ ಮೈಮೇಲಿನ ರೈಲು

ಲ್ಯಾಬಿನಲ್ಲಿ ಅವಳಿಗೆ ಗಾಜಕ್ಕ ಎಂದು ಹೆಸರಿಟ್ಟವರು ಯಾರೋ, ಈಗ ಯಾರಿಗೂ ನೆನಪಿಲ್ಲ. ಇಪ್ಪತ್ತೆರಡು ವರ್ಷದಿಂದ ಗಾಜಿನ ಸ್ಲೈಡಿನ ಮೇಲೆ ರಕ್ತದ ಹನಿ ಎಳೆದು, ಬಣ್ಣ ಹಾಕಿ, ಒಣಗಿಸಿ, ಮೈಕ್ರೋಸ್ಕೋಪಿನಲ್ಲಿ ನೋಡುತ್ತ ಬಂದವಳು. ಆಸ್ಪತ್ರೆಯ ಹಿಂಭಾಗದ ಆ ಕೋಣೆಗೆ ಒಂದೇ ಕಿಟಕಿ. ಮಧ್ಯಾಹ್ನ ಮೂರರ ಹೊತ್ತಿಗೆ ಬಿಸಿಲು ಆ ಕಿಟಕಿಯಿಂದ ಇಳಿದು, ಮೇಜಿನ ಮೇಲೆ ಸಾಲಾಗಿಟ್ಟ ಸ್ಲೈಡುಗಳ ಮೇಲೆ ಹರಿದಾಗ ಒಂದೊಂದು ಗಾಜಿನ ಅಂಚಿನಲ್ಲೂ ನೇರಳೆ ಹೊಳಪು ಏಳುತ್ತಿತ್ತು. ಆ ಹೊತ್ತಿನಲ್ಲಿ ಅವಳ ಮಾತು ತಾನಾಗಿ ಕಡಿಮೆಯಾಗುತ್ತಿತ್ತು. ಎರಡೂ ಕಣ್ಣನ್ನು ಮೈಕ್ರೋಸ್ಕೋಪಿಗೆ ಒಪ್ಪಿಸಿ, ಬಿಳಿ ರಕ್ತಕಣಗಳನ್ನು ನೂರರ ತನಕ ಎಣಿಸುವಳು. ಎಡಗೈ ಕೆಳಗಿನ ಎಣಿಕೆ ಯಂತ್ರ ಟಿಕ್ ಟಿಕ್ ಎನ್ನುವುದು. ಹೊರಗಿನ ಲೋಕ ಎಲ್ಲೋ ದೂರದಲ್ಲಿ, ನೀರಿನಾಚೆ ಇದ್ದಂತೆ ಆಗುವುದು.

ಆ ಕಣಗಳಲ್ಲಿ ಅವಳಿಗೆ ಇಷ್ಟವಾದ ಜಾತಿಯೊಂದಿತ್ತು. ಪುಸ್ತಕದಲ್ಲಿ ಅದರ ಹೆಸರು ಇಯೊಸಿನೊಫಿಲ್. ನೂರರಲ್ಲಿ ಎರಡೋ ಮೂರೋ ಸಿಗುತ್ತವೆ. ಮೈತುಂಬ ಕಿತ್ತಳೆ ಬಣ್ಣದ ಕಾಳುಗಳು. ನಡುವೆ ಎರಡು ದುಂಡು ತುಂಡುಗಳಾಗಿ, ಸಣ್ಣ ಎಳೆಯೊಂದರಿಂದ ಕೂಡಿಕೊಂಡ ಕಣಬೀಜ. ಥೇಟ್ ಕನ್ನಡಕ ಹಾಕಿಕೊಂಡ ಹಾಗೆ. ಅವಳು ಅವುಗಳನ್ನು ಕನ್ನಡಕದವರು ಎನ್ನುತ್ತಿದ್ದಳು. "ಈ ಪೇಷಂಟ್ ಹತ್ರ ಕನ್ನಡಕದವರು ಹನ್ನೊಂದು ಜನ ಇದಾರೆ," ಎಂದರೆ ಲ್ಯಾಬಿನವರಿಗೆ ಅರ್ಥವಾಗುತ್ತಿತ್ತು. ಒಂದೋ ಅಲರ್ಜಿ, ಇಲ್ಲ ಒಳಗೆಲ್ಲೋ ಹುಳ.

ಮನೆಯಲ್ಲಿ ಅವಳು ಸೊಸೆ. ಮನೆಯಲ್ಲಿ ಇದ್ದವರು ಇಬ್ಬರೇ, ಅವಳು ಮತ್ತು ಮಾವ. ಹನ್ನೊಂದು ವರ್ಷದ ಹಿಂದೆ ಗಂಡ ಜ್ವರದಲ್ಲಿ ತೀರಿಕೊಂಡಾಗ, ಇನ್ನೇನು ಇವಳು ತವರಿಗೆ ಹೋಗುತ್ತಾಳೆ ಎಂದು ಎಲ್ಲರೂ ಅಂದುಕೊಂಡಿದ್ದರು. ಅವಳೂ ಬಟ್ಟೆ ಮಡಿಚಿಟ್ಟಿದ್ದಳು. ಅವತ್ತು ಸಂಜೆ ಮಾವ ಅಡುಗೆಮನೆಗೆ ಹೋಗಿ, ಜೀವನದಲ್ಲಿ ಮೊದಲ ಸಲ ತರಕಾರಿ ಹೆಚ್ಚಿ, ಒಲೆ ಮುಂದೆ ನಿಂತು ಕೂಗಿ ಕೇಳಿದ್ದರು: "ಉಪ್ಪು ಎಷ್ಟು ಹಾಕಲಮ್ಮಾ?" ಅವಳು ಎದ್ದು ಹೋಗಿ ಉಪ್ಪು ಹಾಕಿದಳು. ಇರು ಎಂದು ಅವರು ಹೇಳಲಿಲ್ಲ, ಇರುತ್ತೇನೆ ಎಂದು ಇವಳೂ ಹೇಳಲಿಲ್ಲ. ಮಾತುಕತೆ ಆದದ್ದು ಅಷ್ಟೇ.

ಮಾವನ ಮಾತೆಲ್ಲ ಕೂಗಾಟವೇ. ಪ್ರಾಯದಲ್ಲಿ ಹದಿನಾಲ್ಕು ವರ್ಷ ಬೆಟ್ಟದ ಹೊಟ್ಟೆ ಸೀಳಿ ರೈಲಿಗೆ ಸುರಂಗ ತೋಡಿದವರು. ಮದ್ದು ಸಿಡಿಸಿ ಸಿಡಿಸಿ ಒಂದು ಕಿವಿ ಹೋಗಿತ್ತು. ಮೊಣಕಾಲುದ್ದ ಬೆಚ್ಚನೆಯ ಕೆಸರು, ಹಾಕಿದ ಬೂಟು ಅಲ್ಲೇ ಉಳಿಯುತ್ತಿತ್ತಂತೆ. ಅದಕ್ಕೇ ಎಲ್ಲರೂ ಬರಿಗಾಲು. ಈಗ ಎಪ್ಪತ್ತು ದಾಟಿದೆ. ಮಧ್ಯಾಹ್ನ ಕಣ್ಣ ಮೇಲೆ ಟವಲು ಹಾಕಿಕೊಂಡು ಮಲಗಿದರೆ ಎದ್ದ ಮೇಲೆ ಕನಸು ಹೇಳುವುದು ಅವರ ವಾಡಿಕೆ. ಚಹಾ ಸೋಸುತ್ತ ಸೊಸೆ ಕೇಳುವಳು. ಎಲ್ಲ ಕನಸೂ ಸುರಂಗದ್ದೇ. ಒಮ್ಮೆ ಗೋಡೆಯಲ್ಲಿ ಕಿಟಕಿ ಇರುತ್ತಿತ್ತು, ಒಮ್ಮೆ ಮೀನು ಈಜುತ್ತಿದ್ದವು, ಒಮ್ಮೆ ಮಗ ಬಂದು ಟಾರ್ಚು ಹಿಡಿದು ನಿಂತಿದ್ದ.

ಆ ವರ್ಷ ಮಾವನಿಗೆ ಉಬ್ಬಸ ಶುರುವಾಯಿತು. ಎರಡು ಮೆಟ್ಟಿಲು ಹತ್ತಿದರೆ ಎದೆಯಲ್ಲಿ ಸಿಳ್ಳೆ. ಸೊಸೆ ಅವರನ್ನು ತನ್ನ ಆಸ್ಪತ್ರೆಯ ಎದೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಡಾಕ್ಟರು ಇವಳಿಗಿಂತ ಹದಿನೈದು ವರ್ಷ ಚಿಕ್ಕವಳು; ಕೆಲಸದಲ್ಲಿ ಚುರುಕು, ನಡೆಯುವುದೇ ಓಡಿದ ಹಾಗೆ. ರಕ್ತ ತೆಗೆಸಿದರು. ಎಣಿಸಿದವಳು ಗಾಜಕ್ಕನೇ. ನೂರರಲ್ಲಿ ಇಪ್ಪತ್ತೊಂದು ಕನ್ನಡಕದವರು.

"ಜಾಸ್ತಿ ಅಲ್ವಾ ಡಾಕ್ಟ್ರೇ?" ಎಂದು ಅವಳೇ ವರದಿ ಹಿಡಿದುಕೊಂಡು ಹೋಗಿ ಕೇಳಿದಳು.

"ಆಸ್ತಮಾದವರಲ್ಲಿ ಜಾಸ್ತಿ ಇರುತ್ತವಲ್ಲ ಅಕ್ಕ. ಧೂಳಿಗೆ ಮೈ ಉರಿದು ಬೀಳ್ತಿದೆ. ಸ್ಟೀರಾಯ್ಡ್ ಮಾತ್ರೆ ಕೊಡ್ತೀನಿ, ಎಲ್ಲ ತಣ್ಣಗಾಗುತ್ತೆ."

ಮಾತು ಸರಿಯಾಗಿಯೇ ಇತ್ತು. ಪುಸ್ತಕವೂ ಹಾಗೇ ಹೇಳುತ್ತದೆ. ಸೊಸೆ ತಲೆಯಾಡಿಸಿ ಬಂದಳು.

ಮಾತ್ರೆ ಮಂತ್ರದಂತೆ ಕೆಲಸ ಮಾಡಿತು. ನಾಲ್ಕೇ ದಿನದಲ್ಲಿ ಎದೆಯ ಸಿಳ್ಳೆ ನಿಂತಿತು. ಮಾವ ಎರಡಾಳಿನ ಊಟ ಮಾಡತೊಡಗಿದರು. ಕುರ್ಚಿಯ ಮೇಲೆ ಹತ್ತಿ ವರ್ಷಗಳಿಂದ ಯಾರೂ ಮುಟ್ಟದ ಮೇಲಿನ ಕಿಟಕಿಯ ಗಾಜು ಒರೆಸಿದರು. ಪಕ್ಕದ ಮನೆಯವರ ಹಳೇ ಸೈಕಲ್ಲು ಬಿಚ್ಚಿ ರಿಪೇರಿಗೆ ಕೂತರು. ಜೋಡಿಸಿದ ಮೇಲೆ ಒಂದು ಹಿಡಿ ತಿರುಪು ಮಿಕ್ಕಿತ್ತು, ಅದು ಬೇರೆ ಮಾತು. ಸೊಸೆಗೆ ಮನಸ್ಸು ಹಗುರವಾಯಿತು. ಕೆಲಸದಿಂದ ಬರುವಾಗ ಬೀದಿಯ ಮರಗಳ ನೆರಳು ಮೊದಲಿಗಿಂತ ಉದ್ದವಾಗಿ, ಮೆತ್ತಗೆ ಬಿದ್ದಿರುವಂತೆ ಕಾಣುತ್ತಿತ್ತು.

ಮೂರನೆಯ ವಾರದಲ್ಲಿ ಗಾಳಿ ತಿರುಗಿತು. ಮಾವನಿಗೆ ಹೊಟ್ಟೆ ಹಿಂಡತೊಡಗಿತು. ಕೆಮ್ಮು ಮತ್ತೆ ಬಂತು, ಈ ಸಲ ಒದ್ದೆ ಕೆಮ್ಮು. ಮಾತು ಕೂಗಿನಿಂದ ಇಳಿದು ಸಾಮಾನ್ಯ ದನಿಗೆ ಬಂತು. ಅದಕ್ಕೇ ಸೊಸೆ ಹೆಚ್ಚು ಹೆದರಿದಳು.

"ಮಧ್ಯಾಹ್ನದ ಕನಸು ಕೇಳ್ತೀಯಾ?" ಎಂದರು ಒಂದು ದಿನ. "ಸುರಂಗದ ಬಾಯಲ್ಲಿ ಕಾವಲಿನವರೇ ಇಲ್ಲ. ದೀಪ ಎಲ್ಲ ಉರೀತಿದೆ. ಕುರ್ಚಿ ಇದೆ, ಕುರ್ಚಿ ಮೇಲೆ ಕೋಟು ಇದೆ. ಜನ ಇಲ್ಲ. ಯಾರ್ಯಾರೋ ಒಳಗೆ ಹೋಗ್ತಾ ಇದಾರೆ, ಬರ್ತಾ ಇದಾರೆ. ನಾನು ಕೂಗ್ತೀನಿ, ದನಿ ಬರಲ್ಲ."

ಎದೆ ಡಾಕ್ಟರು ಕೆಮ್ಮು ಕೇಳಿ, ಮರುದಿನ ಬೆಳಗ್ಗೆಯಿಂದ ಮಾತ್ರೆ ಎರಡರಷ್ಟು ಮಾಡುವುದೆಂದರು. ಅದಕ್ಕೂ ಮೊದಲು ಇನ್ನೊಮ್ಮೆ ರಕ್ತ.

ಗಾಜಕ್ಕ ಮಾವನ ಸ್ಲೈಡು ಎದುರಿಗಿಟ್ಟುಕೊಂಡು ಎಣಿಸಿದಳು. ನೂರು ಕಣ. ಒಬ್ಬನೂ ಕನ್ನಡಕದವನಿಲ್ಲ. ಇನ್ನೂರು ಎಣಿಸಿದಳು. ಐನೂರು ಎಣಿಸಿದಳು. ಬಿಳಿ, ನೇರಳೆ, ನೀಲಿ, ಎಲ್ಲ ತೇಲಿ ಹೋಗುತ್ತಿದ್ದವು. ಕಿತ್ತಳೆ ಮಾತ್ರ ಎಲ್ಲೂ ಇಲ್ಲ. ಸ್ಟೀರಾಯ್ಡ್ ಕೊಟ್ಟರೆ ಅವು ರಕ್ತದಿಂದ ಮಾಯವಾಗುತ್ತವೆ ಎನ್ನುವುದು ಅವಳಿಗೆ ಗೊತ್ತಿದ್ದ ವಿಷಯವೇ. ವರದಿಯಲ್ಲಿ ಸೊನ್ನೆ ಬರೆಯಬೇಕು, ಅಷ್ಟೇ ಕೆಲಸ. ಆದರೆ ಪೆನ್ನು ಕಾಗದದ ಮೇಲೆ ನಿಂತಲ್ಲೇ ನಿಂತಿತು. ಇಪ್ಪತ್ತೊಂದು ಜನ ಇದ್ದರು. ಏನೋ ಕೆಲಸದ ಮೇಲೆ ಇದ್ದರು. ಅವರನ್ನು ಮನೆಗೆ ಕಳಿಸಿದ್ದು ನಾವು. ಅವರು ಮಾಡುತ್ತಿದ್ದ ಕೆಲಸ ಏನಾಗಿತ್ತು?

ಅರ್ಧ ದಿನದ ರಜೆ ಬರೆದು ಮನೆಗೆ ಬಂದಳು.

ಮಾವ ನಡುಮನೆಯಲ್ಲಿ ಅಂಗಿ ತೆಗೆದು ಮಲಗಿದ್ದರು. ಬಾಚಣಿಗೆಯಿಂದ ಸೊಂಟ ಕೆರೆದುಕೊಳ್ಳುತ್ತಿದ್ದವರು ಇವಳನ್ನು ಕಂಡು ಗಡಬಡಿಸಿ ಟವಲು ಹೊದ್ದುಕೊಂಡರು.

"ಏನಾಗಿದೆ ಮಾವ ಅಲ್ಲಿ?"

"ಏನಿಲ್ಲ ಕಣಮ್ಮ. ರೈಲು."

"ಯಾವ ರೈಲು?"

ಮಾವ ನಾಚಿಕೊಂಡರು. "ಸುರಂಗದ ಕಾಲದಿಂದ ಇದೆ. ವರ್ಷಕ್ಕೆ ಎರಡು ಮೂರು ಸಲ ಸೊಂಟದ ಹತ್ರ ಒಂದು ಕೆಂಪು ಗೆರೆ ಏಳುತ್ತೆ. ತುರಿಕೆ. ಗೆರೆ ಹಾಗೇ ನಡ್ಕೊಂಡು ಹೋಗುತ್ತೆ, ರೈಲು ಹೋದ ಹಾಗೆ. ಸಂಜೆ ಹೊತ್ತಿಗೆ ಮಾಯ. ನಿಮ್ಮತ್ತೆ ಎಣ್ಣೆ ಹಚ್ತಿದ್ಳು. ಈಗೊಂದು ವಾರದಿಂದ ದಿನಾ ಬರ್ತಾ ಇದೆ. ನಿನ್ನೆ ಎರಡು ಬಂತು."

"ನಲವತ್ತು ವರ್ಷದಲ್ಲಿ ಒಬ್ಬ ಡಾಕ್ಟರಿಗೂ ಹೇಳಲಿಲ್ವಾ?"

"ತುರಿಕೇನ ಯಾರಾದ್ರೂ ಡಾಕ್ಟರಿಗೆ ಹೇಳ್ತಾರಾ? ಕೆರೆದ್ಕೊಂಡ್ರೆ ಆಯ್ತಪ್ಪ."

ಸೊಸೆ ಟವಲು ಸರಿಸಿ ನೋಡಿದಳು. ಸೊಂಟದಿಂದ ಹೊಕ್ಕುಳಿನ ಕಡೆಗೆ ಬಳುಕುತ್ತ ಹೊರಟ, ದಾರದಷ್ಟು ತೆಳುವಾದ ಕೆಂಪು ಗೆರೆ. ಚೀಲದಿಂದ ಸ್ಲೈಡಿನ ಮೇಲೆ ಬರೆಯುವ ಪೆನ್ನು ತೆಗೆದು ಗೆರೆಯ ತುದಿಗೆ ಒಂದು ಚುಕ್ಕೆ ಇಟ್ಟಳು. ಗೋಡೆ ಗಡಿಯಾರ ನೋಡಿದಳು. ಎರಡೂ ಕಾಲು.

"ಒಂದು ಗಂಟೆ ಅಲ್ಲಾಡದೆ ಮಲಗಿರಿ. ಕೆರೆಯೋ ಹಾಗಿಲ್ಲ."

"ಸಾಯಿಸ್ತೀಯಲ್ಲೇ ತಾಯಿ," ಎಂದು ಮಾವ ಗೊಣಗಿದರು.

ಆ ಒಂದು ಗಂಟೆ ಅವಳಿಗೆ ಬಹಳ ದಿನ ನೆನಪಿತ್ತು. ಬೀದಿಯಲ್ಲಿ ಸದ್ದಿಲ್ಲ. ಪರದೆ ಉಬ್ಬುತ್ತಿತ್ತು, ಇಳಿಯುತ್ತಿತ್ತು. ಬಿಸಿಲು ನೆಲದಿಂದ ಮಂಚದ ಕಾಲಿಗೆ, ಅಲ್ಲಿಂದ ಮಾವನ ಅಂಗಾಲಿಗೆ ಹತ್ತಿತು. ಆ ಅಂಗಾಲು ದಪ್ಪ, ಬಿರುಕು ಬಿಟ್ಟ ತೊಗಲು. ಅವಳು ಅದನ್ನೇ ನೋಡುತ್ತ ಕೂತಿದ್ದಳು.

"ಒಳಗೆ ಏನು ನಡೀತಿದೆ ಅಂತ ನಿಂಗೆ ಗೊತ್ತಾಗಿದೆ. ಬಾಯಿ ಬಿಡು," ಎಂದರು ಮಾವ.

"ಖಾತ್ರಿ ಇಲ್ಲ ಮಾವ. ನನಗನ್ನಿಸೋದು ಹೇಳ್ತೀನಿ. ಸುರಂಗದ ಕೆಸರಲ್ಲಿ ಕೂದಲಿಗಿಂತ ಸಣ್ಣ ಹುಳದ ಮರಿ ಇದ್ವು. ಬರಿಗಾಲಿನ ಚರ್ಮ ತೂರಿಕೊಂಡು ಒಳಗೆ ಹೋದ್ವು. ರಕ್ತದ ಜೊತೆ ಶ್ವಾಸಕೋಶ, ಅಲ್ಲಿಂದ ಗಂಟಲು, ಗಂಟಲಿಂದ ನುಂಗಿ ಹೊಟ್ಟೆಗೆ. ಕರುಳಿನ ಗೋಡೆಯಲ್ಲಿ ಮನೆ ಮಾಡಿಕೊಂಡ್ವು."

"ನಲವತ್ತು ವರ್ಷ ಒಂದು ಹುಳ ಬದುಕುತ್ತಾ?"

"ಒಂದೇ ಹುಳ ಅಲ್ಲ. ಬೇರೆ ಹುಳಗಳ ಮೊಟ್ಟೆ ಹೊರಗೆ ಹೋಗಿಬಿಡುತ್ತೆ. ಇದರ ಮರಿ ಒಳಗೇ ಹುಟ್ಟಿ, ಒಂದಿಷ್ಟು ಮತ್ತೆ ಮೈಯೊಳಗೇ ತೂರ್ತವೆ. ನಿಮ್ಮ ರೈಲು ಅದೇ. ಮಗ, ಮೊಮ್ಮಗ, ಮರಿಮಗ ಅಂತ ವಂಶ ನಡೀತಾ ಇದೆ."

"ಬಾಡಿಗೆ ಕೊಡದೆ ಇದ್ದಾವಲ್ಲ ಬಡ್ಡಿಮಕ್ಕಳು. ನನ್ನ ಮೈಗೆ ಗೊತ್ತೇ ಆಗಲಿಲ್ವಾ?"

"ಯಾಕೆ ಗೊತ್ತಾಗಲ್ಲ? ಕರುಳಿನ ಗೋಡೆಯಲ್ಲಿ ರುಚಿ ನೋಡೋ ಕಣಗಳಿವೆ, ನಾಲಿಗೆಯಲ್ಲಿ ಇರೋ ಥರಾನೇ. ಹುಳದ ರುಚಿ ಸಿಕ್ಕ ತಕ್ಷಣ ಅವು ಸುದ್ದಿ ಕಳಿಸ್ತವೆ. ಗೋಡೆಯೆಲ್ಲ ಲೋಳೆ ಸುರಿಸೋಕೆ ಶುರು ಮಾಡುತ್ತೆ. ಕರುಳು ಹಿಂಡಿ ಹಿಂಡಿ ಜಾರಿಸಿ ಹೊರಗೆ ತಳ್ಳೋಕೆ ನೋಡುತ್ತೆ. ಆಮೇಲೆ ನನ್ನ ಕನ್ನಡಕದವರು ಬರ್ತಾರೆ. ಬೇರೆ ಕಾಯಿಲೆಯ ಸೂಕ್ಷ್ಮಾಣು ಆದ್ರೆ ಒಂದು ಬಿಳಿ ಕಣ ಬಾಯಿ ತೆಗೆದು ಗುಳುಂ ಅಂತ ನುಂಗುತ್ತೆ. ಹುಳ ಅವುಗಳ ಮುಂದೆ ಆನೆ. ನುಂಗೋಕಾಗಲ್ಲ. ಅದಕ್ಕೇ ನೂರಾರು ಜನ ಸೇರಿ ಮರಿಗಳಿಗೆ ಅಂಟಿಕೊಂಡು, ತಮ್ಮ ಕಾಳಿನಲ್ಲಿರೋ ವಿಷಾನ ಅದರ ಮೈಮೇಲೆ ಸುರೀತಾರೆ."

"ಕೊಲ್ತಾರಾ?"

"ಒಂದಿಷ್ಟನ್ನ. ಎಲ್ಲಾನೂ ಆಗಲ್ಲ. ಹುಳಾನೂ ಜಾಣ, ಮೈಯನ್ನ ಪುಸಲಾಯಿಸಿ ತಣ್ಣಗೆ ಮಾಡೋಕೆ ಏನೇನೋ ರಸ ಬಿಡುತ್ತೆ. ಮೈಗೂ ಜೋರಾಗಿ ಹೊಡೆದಾಡಿದ್ರೆ ತನ್ನ ಗೋಡೇನೇ ಒಡೆಯುತ್ತೆ ಅನ್ನೋ ಭಯ. ಹಾಗೇ ಇಬ್ಬರೂ ಒಂದು ಹದಕ್ಕೆ ಬರ್ತಾರೆ. ನೀನು ಇಷ್ಟೇ ಇರು, ನಾನು ಇಷ್ಟೇ ಕಾಡ್ತೀನಿ ಅಂತ. ನಿಮ್ಮೊಳಗೆ ನಲವತ್ತು ವರ್ಷ ನಡೆದಿದ್ದು ಅದು."

"ಈಗ?"

"ಈಗ ಮಾತ್ರೆ ಕೊಟ್ಟು ನಾವು ಕನ್ನಡಕದವರನ್ನೆಲ್ಲ ಮನೆಗೆ ಕಳಿಸಿದೀವಿ ಮಾವ. ಕಾಯೋರಿಲ್ಲ."

ಮೂರೂ ಕಾಲಿಗೆ ಅವಳು ಬಗ್ಗಿ ನೋಡಿದಳು. ಗೆರೆಯ ತುದಿ ತಾನಿಟ್ಟ ಚುಕ್ಕೆಯನ್ನು ದಾಟಿ ಮೂರು ಬೆರಳು ಮುಂದೆ ಹೋಗಿತ್ತು.

ಎದ್ದು ಹೋಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯೊಂದನ್ನು ತಂದು ಮಾವನ ಕೈಯಲ್ಲಿಟ್ಟಳು.

"ಇದು ಯಾಕೆ?"

"ಕಕ್ಕಸಿಗೆ ಹೋಗಿ ತುಂಬಿಸ್ಕೊಂಡು ಬನ್ನಿ. ಪೂರ್ತಿ ಬೇಡ, ಕಾಲು ಭಾಗ ಸಾಕು."

ಮಾವನ ಮುಖ ಕೆಂಪಗಾಯಿತು. "ಏನಮ್ಮ ನೀನು! ಸೊಸೆ ಕೈಗೆ ಕೊಡೋ ವಸ್ತುವಾ ಇದು?"

"ದಿನಾ ಊರೋರದ್ದೆಲ್ಲ ನೋಡ್ತೀನಿ. ನಿಮ್ಮದೇನು ಬೆಳ್ಳೀದಾ?"

ಮಾವ ನಕ್ಕರು, ನಗು ಕೆಮ್ಮಾಯಿತು, ಕೆಮ್ಮುತ್ತಲೇ ಡಬ್ಬಿ ಹಿಡಿದುಕೊಂಡು ಕಕ್ಕಸಿಗೆ ಹೋದರು.

ಲ್ಯಾಬಿನಲ್ಲಿ ಯಂತ್ರಗಳು ಬಂದ ಮೇಲೆ ಆ ಹಳೇ ಪರೀಕ್ಷೆಯನ್ನು ಯಾರೂ ಮಾಡುತ್ತಿರಲಿಲ್ಲ. ಡಬ್ಬಿಯೊಂದಿಗೆ ಅಲ್ಲಿಗೆ ಮರಳಿದವಳು ಕಪಾಟಿನ ಮೂಲೆಯಿಂದ ಗಾಜಿನ ಆಲಿಕೆ ಹುಡುಕಿ ತೊಳೆದಳು. ಅದರ ಬಾಲಕ್ಕೆ ರಬ್ಬರ್ ಕೊಳವೆ ಸಿಕ್ಕಿಸಿ, ನೀರು ಸೋರದಂತೆ ತುದಿಗೆ ಕ್ಲಿಪ್ಪು ಹಾಕಿದಳು. ಮಾವನ ಮಲದ ಮಾದರಿಯನ್ನು ಬಲೆಬಟ್ಟೆಯಲ್ಲಿ ಗಂಟು ಕಟ್ಟಿ, ಆಲಿಕೆಯ ಬಾಯಲ್ಲಿಟ್ಟು, ಮುಳುಗುವಷ್ಟು ಉಗುರು ಬೆಚ್ಚಗಿನ ನೀರು ಹಾಕಿದಳು. ಮರಿಗಳಿಗೆ ಬಿಸುಪು ಎಂದರೆ ಪ್ರಾಣ. ಇದ್ದರೆ ಬಟ್ಟೆಯಿಂದ ನೀರಿಗೆ ಇಳಿಯುತ್ತವೆ, ಈಜಲು ಬಾರದೆ ತಳಕ್ಕೆ ಸೇರುತ್ತವೆ. ಕಾಯಬೇಕು, ಅಷ್ಟೇ.

ಅವಳು ಸ್ಟೂಲಿನ ಮೇಲೆ ಕೂತು ಕಾದಳು. ಆಲಿಕೆಯ ನೀರಿನಲ್ಲಿ ಕಿಟಕಿ ತಲೆಕೆಳಗಾಗಿ ನಿಂತಿತ್ತು. ಅದರೊಳಗೆ ಒಂದು ಸಣ್ಣ ಮರ, ಸಣ್ಣ ಆಕಾಶ. ನೋಡುತ್ತ ನೋಡುತ್ತ ಅವಳಿಗೆ ತಾನೂ ಆ ಬೆಚ್ಚನೆಯ ನೀರಿನೊಳಗೆ ಇಳಿಯುತ್ತಿರುವಂತೆ, ಸುತ್ತ ಗುಲಾಬಿ ಬಣ್ಣದ ಮೃದು ಗೋಡೆಗಳು ಉಸಿರಾಡುತ್ತಿರುವಂತೆ ಅನಿಸಿತು. ಗೋಡೆಗಳ ಮೇಲೆ ಲೋಳೆ ಜಿನುಗುತ್ತಿತ್ತು. ದೂರದಲ್ಲಿ ಗಂಡನ ದನಿಯಂತಹ ದನಿ ಏನೋ ಎಣಿಸುತ್ತಿತ್ತು. ಬೆಚ್ಚಿ ಕಣ್ಣು ಬಿಟ್ಟಾಗ ಒಂದೂ ಕಾಲು ಗಂಟೆ ಕಳೆದಿತ್ತು.

ಕ್ಲಿಪ್ಪು ಸಡಿಲಿಸಿ ಒಂದು ಹನಿ ಸ್ಲೈಡಿನ ಮೇಲೆ ಬಿಟ್ಟಳು.

ಒಂದಲ್ಲ, ಎರಡಲ್ಲ. ಹನಿಯ ತುಂಬ. ಬೆಳಕಿನ ವೃತ್ತದಲ್ಲಿ ಅವು ಬಳುಕುತ್ತಿದ್ದವು, ಯಾರೋ ಅವಸರದಲ್ಲಿ ಬರೆದು ಅಳಿಸಿ ಬರೆಯುತ್ತಿರುವ ಅಕ್ಷರಗಳಂತೆ. ಗಾಜಿನಷ್ಟು ತಿಳಿಯಾದ ಮೈ, ಒಳಗಿನ ನಾಳ ಕೂಡ ಕಾಣುವಷ್ಟು. ಚೆಂದವಾಗಿದ್ದವು. ಚೆಂದ ಅನಿಸಿದ್ದಕ್ಕೆ ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

ಫೋನು ಮಾಡಿದ ಐದು ನಿಮಿಷಕ್ಕೆ ಎದೆ ಡಾಕ್ಟರು ಓಡುತ್ತ ಬಂದರು. ಬಗ್ಗಿ ನೋಡಿದರು. ಬಹಳ ಹೊತ್ತು ತಲೆ ಎತ್ತಲಿಲ್ಲ.

"ಕಫ ನೋಡಿದ್ರಾ ಅಕ್ಕ?"

"ಇಲ್ಲ. ನೀವು ಹೇಳಿದ್ರೆ ಈಗಲೇ ತರಿಸ್ತೀನಿ."

ಕಫದಲ್ಲೂ ಇದ್ದವು. ಮೂರು. ಅಂದರೆ ಶ್ವಾಸಕೋಶದ ತನಕ ಗುಂಪು ಗುಂಪಾಗಿ ಹೊರಟಿವೆ ಎಂದು ಅರ್ಥ.

ಡಾಕ್ಟರು ಕುರ್ಚಿಯಲ್ಲಿ ಕುಸಿದರು. ಓಡಾಡುವ ಹೆಂಗಸು ಕೂತದ್ದನ್ನು ಗಾಜಕ್ಕ ನೋಡಿದ್ದು ಅದೇ ಮೊದಲು. "ನಾಳೆ ಬೆಳಗ್ಗೆ ಎರಡರಷ್ಟು ಕೊಡೋಳಿದ್ದೆ. ಕಾಲು ಯಾವ ಮಣ್ಣು ತುಳಿದಿದೆ ಅಂತ ಒಂದು ಮಾತು ಕೇಳಬೇಕಿತ್ತು. ಕೇಳಲಿಲ್ಲ ನಾನು."

"ನಾನು ಒಂದೇ ಮನೇಲಿ ಇಪ್ಪತ್ತು ವರ್ಷ ಇದ್ದೆ ಡಾಕ್ಟ್ರೇ. ನಾನೂ ಕೇಳಲಿಲ್ಲ."

ಅವತ್ತೇ ರಾತ್ರಿಯೊಳಗೆ ಮಾವ ವಾರ್ಡಿನ ಕಿಟಕಿ ಪಕ್ಕದ ಹಾಸಿಗೆಯಲ್ಲಿದ್ದರು. ಹುಳಕ್ಕೆ ಮಾತ್ರೆ ಶುರುವಾಯಿತು. ಸ್ಟೀರಾಯ್ಡನ್ನು ದಿನದಿನಕ್ಕೆ ಇಳಿಸುತ್ತ ನಿಲ್ಲಿಸುವುದೆಂದಾಯಿತು. ಆದರೆ ಮರಿಗಳು ಕರುಳಿನಿಂದ ಹೊರಡುವಾಗ ಅಲ್ಲಿನ ಕೊಳೆಯನ್ನೂ ಮೈಗೆ ಮೆತ್ತಿಕೊಂಡು ರಕ್ತಕ್ಕೆ ಇಳಿದಿದ್ದವು. ಎರಡನೆಯ ದಿನ ಜ್ವರ ಏರಿತು. ಅದಕ್ಕೆ ಬೇರೆ ಇಂಜೆಕ್ಷನ್. ಮೂರನೆಯ ದಿನ ಮಾವ ಸೊಸೆಯನ್ನು ನೋಡಿ, "ಬುಟ್ಟಿ, ಮಣ್ಣು ಅಲ್ಲೇ ಸುರಿದುಬಿಡು, ನೀರು ನುಗ್ತಾ ಇದೆ," ಎಂದರು. ಬುಟ್ಟಿ ಯಾರೆಂದು ಅವಳಿಗೆ ತಿಳಿಯಲಿಲ್ಲ. "ಸುರಿದೆ," ಎಂದಳು. ಮಾವನಿಗೆ ಸಮಾಧಾನವಾಯಿತು.

ದಿನವೂ ಬೆಳಗ್ಗೆ ವಾರ್ಡಿಗೆ ಹೋಗಿ ಅವರ ರಕ್ತ ಅವಳೇ ತೆಗೆಯುತ್ತಿದ್ದಳು. ಬೇರೆಯವರು ತೆಗೆದರೆ ಮಾವ ಕೈ ಎಳೆದುಕೊಳ್ಳುತ್ತಿದ್ದರು. ಲ್ಯಾಬಿಗೆ ಬಂದು ಸ್ಲೈಡು ಮಾಡಿ ಐನೂರು ಕಣ ಎಣಿಸುವಳು. ನಾಲ್ಕನೆಯ ದಿನ ಸೊನ್ನೆ. ಐದನೆಯ ದಿನ ಸೊನ್ನೆ. ಆರು, ಏಳು, ಸೊನ್ನೆ. ಜ್ವರ ಮಾತ್ರ ಸ್ವಲ್ಪ ಇಳಿದಿತ್ತು. ಜೊತೆಯವರು ಊಟಕ್ಕೆ ಕರೆದರೂ ಕೇಳಿಸದವಳಂತೆ ಕೂತಿರುತ್ತಿದ್ದಳು. ಸ್ಲೈಡಿನ ಬಯಲು ಬಯಲೆಲ್ಲ ತಿರುಗಿ, ಒಂದು ಅಂಚಿನಿಂದ ಇನ್ನೊಂದು ಅಂಚಿಗೆ, ಕಳೆದುಹೋದವರನ್ನು ಹುಡುಕುವ ಹಾಗೆ.

ಒಂಬತ್ತನೆಯ ದಿನ ಬೆಳಗ್ಗೆ ಮುನ್ನೂರ ನಲವತ್ತರ ಹತ್ತಿರ ಎಣಿಕೆ ಯಂತ್ರದ ಮೇಲೆ ಅವಳ ಬೆರಳು ನಿಂತಿತು. ವೃತ್ತದ ಎಡ ಅಂಚಿನಲ್ಲಿ, ಕೆಂಪು ಕಣಗಳ ನಡುವೆ, ಕಿತ್ತಳೆ ಕಾಳು ತುಂಬಿಕೊಂಡು, ಕನ್ನಡಕ ಹಾಕಿಕೊಂಡು, ಒಂದೇ ಒಂದು.

"ಬಂದ!" ಎಂದು ಕೂಗಿದಳು.

ಲ್ಯಾಬಿನವರೆಲ್ಲ ಗಾಬರಿಯಾಗಿ ಎದ್ದು ಬಂದರು. ವಿಷಯ ತಿಳಿದ ಮೇಲೆ ಒಬ್ಬೊಬ್ಬರಾಗಿ ಸರದಿಯಲ್ಲಿ ನಿಂತು ಮೈಕ್ರೋಸ್ಕೋಪಿನಲ್ಲಿ ಇಣುಕಿದರು. ಹೊಸದಾಗಿ ಸೇರಿದ ಹುಡುಗಿ, "ಒಂದೇ ಅಲ್ವಾ ಗಾಜಕ್ಕ?" ಎಂದಳು. "ಒಬ್ಬ ಬಂದ ಅಂದ್ರೆ ಹಿಂದೆ ಬರೋರಿದಾರೆ ಅಂತ ಕಣೇ," ಎಂದು ಗಾಜಕ್ಕ ಕಣ್ಣೊರೆಸಿಕೊಂಡಳು. ಹಿಂದೆಯೇ ಬಂದರು. ಹನ್ನೆರಡನೆಯ ದಿನ ನೂರರಲ್ಲಿ ನಾಲ್ಕು, ಆಮೇಲೆ ಒಂಬತ್ತು. ಕಫ ತಿಳಿಯಾಯಿತು. ಆಲಿಕೆಯ ನೀರು ಎರಡು ವಾರ ಸತತವಾಗಿ ಖಾಲಿ ಬಂದ ಮೇಲೆ ಎದೆ ಡಾಕ್ಟರು ಹುಳದ ಮಾತ್ರೆ ನಿಲ್ಲಿಸಿ, ಮಾವನ ಕೈ ಹಿಡಿದು ಕ್ಷಮೆ ಕೇಳಿದರು. ಉಬ್ಬಸವೂ ಜೊತೆಗೇ ಹೋಗಿತ್ತು.

"ಅದಕ್ಕೇನಮ್ಮ," ಎಂದು ಮಾವ ಮೊದಲಿನಂತೆ ಕೂಗಿದರು, ವಾರ್ಡಿನವರೆಲ್ಲ ತಿರುಗಿ ನೋಡುವ ಹಾಗೆ. "ನನ್ನ ಹೊಟ್ಟೇಲಿರೋದು ನನಗೇ ಗೊತ್ತಿರಲಿಲ್ಲ. ನಿಂಗೆ ಹೆಂಗೆ ಗೊತ್ತಾಗಬೇಕು?"

ಮನೆಗೆ ಬಂದ ಮೇಲೆ ಮಾವ ಒಂದು ವಾರ ಮಂಕಾಗಿದ್ದರು. ಚಹಾ ಕೊಟ್ಟರೆ ಆರಿಸಿ ಕುಡಿಯುವರು. ಏನಾಗಿದೆ ಎಂದು ಕೇಳಿದರೆ ಹೇಳರು. ಕೊನೆಗೊಂದು ಮಧ್ಯಾಹ್ನ, ನಿದ್ದೆಯಿಂದ ಎದ್ದು ಕೂತು, "ಕನಸೇ ಬೀಳ್ತಿಲ್ಲ," ಎಂದರು. "ನಲವತ್ತು ವರ್ಷ ಒಳಗೆ ಯಾರೋ ಓಡಾಡ್ತಾ ಇದ್ರು. ಈಗ ಮನೆ ಖಾಲಿ ಮಾಡ್ಕೊಂಡು ಹೋದ ಹಾಗಿದೆ. ನಗಬೇಡ ನೀನು."

ಸೊಸೆ ನಗಲಿಲ್ಲ.

ಮತ್ತೆ ಮಾವನೇ ಕೇಳಿದರು: "ಆ ಕೆಸರಲ್ಲಿ ನಿಂತಿದ್ದು ನಾನೊಬ್ಬನೇನಾ?"

ಅವಳ ಕೈಯಲ್ಲಿದ್ದ ಲೋಟ ಮೇಜಿನ ಮೇಲೆ ಕೂತಿತು. ಆ ಮಾತು ಅವಳಿಗೆ ಹೊಳೆದಿರಲೇ ಇಲ್ಲ.

ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಮಾವ ಹೇಳುತ್ತ ಹೋದರು, ಅವಳು ಬರೆಯುತ್ತ ಹೋದಳು. ಯಾರ ನಿಜವಾದ ಹೆಸರೂ ಅವರಿಗೆ ನೆನಪಿಲ್ಲ. ಉದ್ದ, ಮೂಗ, ಮದ್ದಿನವನು, ದೀಪದಣ್ಣ, ಅವಳಿ ಜವಳಿ. ಮೂವತ್ತೊಂದು ಜನ. ಬದುಕಿದ್ದಾರೆ ಎಂದು ಗೊತ್ತಿದ್ದವರು ಎಂಟು. ಎಲ್ಲರೂ ಮುದುಕರು, ಒಬ್ಬರಿಗೆ ಮಂಡಿ ನೋವು, ಒಬ್ಬರಿಗೆ ಉಬ್ಬಸ, ಯಾರ ಕೈಗೆ ಯಾವಾಗ ಆ ಸ್ಟೀರಾಯ್ಡ್ ಮಾತ್ರೆ ಬರುತ್ತದೋ ಹೇಳುವ ಹಾಗಿಲ್ಲ. ಎದೆ ಡಾಕ್ಟರು ಎಂಟು ಚೀಟಿ ಬರೆದುಕೊಟ್ಟರು. ಬಂದವರನ್ನೆಲ್ಲ ತಾನೇ ನೋಡುತ್ತೇನೆ ಎಂದರು. ಗಾಜಕ್ಕ ಚೀಲದಲ್ಲಿ ಡಬ್ಬಿಗಳನ್ನು ತುಂಬಿಕೊಂಡಳು. ರಜೆಯ ದಿನಗಳಲ್ಲಿ ಮಾವ ಸೊಸೆ ಇಬ್ಬರೂ ಬಸ್ಸು ಹತ್ತಿದರು.

ಮೊದಲು ಸಿಕ್ಕಿದವಳು ಬುಟ್ಟಿ. ಸುರಂಗದಿಂದ ತಲೆ ಮೇಲೆ ಮಣ್ಣು ಹೊತ್ತು ಹೊರಗೆ ಸುರಿಯುತ್ತಿದ್ದ ಹೆಂಗಸರಲ್ಲಿ ಒಬ್ಬಳು. ಈಗ ಬೀದಿಯ ಕೊನೆಯ ಮನೆಯ ಮಹಡಿಯಲ್ಲಿ ಛತ್ರಿ ರಿಪೇರಿ ಮಾಡುತ್ತಿದ್ದಳು. ಕೋಣೆಯ ತುಂಬ ಬಿಚ್ಚಿದ ಛತ್ರಿಗಳು ತೂಗುತ್ತಿದ್ದವು. ಚಾವಣಿಯ ಗಾಜಿನಿಂದ ಇಳಿದ ಬಿಸಿಲು ಅವುಗಳ ಬಟ್ಟೆಯಲ್ಲಿ ಸೋಸಿ ನೆಲದ ಮೇಲೆ ಹಸಿರು, ನೀಲಿ, ಹಳದಿಯಾಗಿ ಹರಡಿತ್ತು. ಮಾವನನ್ನು ಕಂಡು ಆಕೆ ಸೂಜಿ ಹಿಡಿದ ಕೈಯಿಂದಲೇ ಹಣೆ ಚಚ್ಚಿಕೊಂಡಳು.

"ಅಯ್ಯೋ ಕಿವುಡ! ನೀನಿನ್ನೂ ಸತ್ತಿಲ್ವಾ?"

"ಸಾಯೋಕೆ ಹೋಗಿದ್ದೆ. ಇವಳು ಬಿಡಲಿಲ್ಲ," ಎಂದು ಮಾವ ಸೊಸೆಯನ್ನು ತೋರಿಸಿದರು. ಆಮೇಲೆ ತಡವರಿಸುತ್ತ, "ನಿನ್ನ ಮೈಮೇಲೆ ಯಾವಾಗಲಾದ್ರೂ..." ಎಂದು ಸೊಂಟದ ಹತ್ತಿರ ಬೆರಳಿನಿಂದ ಗೆರೆ ಎಳೆದರು.

ಬುಟ್ಟಿ ಬಾಯಿ ತೆರೆದಳು. "ದಾರಾನಾ? ನಾನದನ್ನ ದಾರ ಅಂತೀನಿ. ನಿಂಗೂ ಬರುತ್ತಾ? ಇಷ್ಟು ವರ್ಷ ನನಗೊಬ್ಬಳಿಗೇ ಅಂದ್ಕೊಂಡಿದ್ದೆ ಕಣೋ."

"ಏನಾದ್ರೂ ಮಾತ್ರೆ ತಗೋತಿದೀರಾ ಅಮ್ಮ?" ಸೊಸೆ ಕೇಳಿದಳು.

"ಬೆರಳ ಗಂಟು ಹಿಡ್ಕೊಂಡಿದೆ. ಬರೋ ವಾರದಿಂದ ಯಾವುದೋ ಜೋರು ಮಾತ್ರೆ ಕೊಡ್ತಾರಂತೆ." ಆಕೆ ಪೆಟ್ಟಿಗೆಯಿಂದ ಚೀಟಿ ತೆಗೆದು ತೋರಿಸಿದಳು. ಸೊಸೆ ಓದಿದಳು. ಅದೇ ಮಾತ್ರೆ. ಚೀಟಿಯನ್ನು ಮಡಿಚಿ ತನ್ನ ಚೀಲದಲ್ಲಿಟ್ಟುಕೊಂಡು, ಡಬ್ಬಿ ತೆಗೆದು ಆಕೆಯ ಕೈಯಲ್ಲಿಟ್ಟಳು, ಏನು ಮಾಡಬೇಕೆಂದು ಹೇಳಿದಳು.

"ಹೇಳಿದ ತಕ್ಷಣ ಬರೋಕೆ ಅದೇನು ನಿಮ್ಮ ನೌಕರನಾ?" ಎಂದಳು ಬುಟ್ಟಿ. "ಕೂತ್ಕೊಳ್ಳಿ. ಚಹಾ ಕುಡೀರಿ. ಅದು ಬಂದಾಗ ಬರುತ್ತೆ."

ಕೂತರು. ಚಹಾ ಆಯಿತು. ಮಾವ ಮತ್ತು ಬುಟ್ಟಿ ಮಾತಿಗೆ ಬಿದ್ದರು. ಸುರಂಗದ ಎರಡು ಕಡೆಯಿಂದ ತೋಡುತ್ತ ಬಂದವರು ನಡುವೆ ಸೇರುವ ದಿನ, ಆಚೆಯವರ ಗುದ್ದಲಿ ಸದ್ದು ಮೊದಲು ಕೇಳಿಸಿಕೊಂಡವರು ಯಾರು ಎನ್ನುವುದು ಜಗಳ. ನಾನು ಎಂದು ಮಾವ, ಕಿವುಡನಿಗೆ ಹೇಗೆ ಕೇಳುತ್ತದೆ ಎಂದು ಬುಟ್ಟಿ, ಆಗ ಎರಡೂ ಕಿವಿ ಇದ್ದವು ಎಂದು ಮಾವ. ಗೋಡೆಗೆ ಕೆನ್ನೆ ಹಚ್ಚಿ ನಿಂತಿದ್ದೆವು, ತಂಪು ಗಾಳಿ ಮೊದಲು ಬಂತು, ಆಮೇಲೆ ಒಂದು ಕೈ ಬಂತು ಎಂದು ಇಬ್ಬರೂ ಒಟ್ಟಿಗೆ ಹೇಳಿದರು. ಸೊಸೆ ಗೋಡೆಗೊರಗಿ ಕೇಳುತ್ತಿದ್ದಳು. ಛತ್ರಿಗಳು ಮೆಲ್ಲಗೆ ತಿರುಗುತ್ತಿದ್ದವು. ಹಸಿರು ಬೆಳಕು ಅವಳ ಕೈಮೇಲೆ ಬಂತು, ಹೋಯಿತು, ನೀಲಿ ಬಂತು. ವಾರಗಳಿಂದ ಬಾರದ ನಿದ್ದೆ ಎಲ್ಲ ಒಟ್ಟಿಗೆ ಅವಳನ್ನು ಹಿಡಿಯಿತು.

ಎದ್ದಾಗ ಅವಳ ಪಕ್ಕದಲ್ಲಿ ಛತ್ರಿಬಟ್ಟೆಯಲ್ಲಿ ಅಚ್ಚುಕಟ್ಟಾಗಿ ಸುತ್ತಿದ ಡಬ್ಬಿ ಇತ್ತು. ಇಬ್ಬರು ಮುದುಕರೂ ಇನ್ನೂ ಜಗಳವಾಡುತ್ತಲೇ ಇದ್ದರು.

"ಮಾವ, ನೀವು ಇಲ್ಲೇ ಇರಿ. ಇದು ತಾಜಾ ಇರುವಾಗಲೇ ನೋಡಬೇಕು," ಎಂದು ಹೇಳಿ, ಡಬ್ಬಿಯನ್ನು ಎದೆಗವಚಿಕೊಂಡು, ನಾಲ್ಕು ಗಂಟೆಯ ಬಸ್ಸಿಗೆ ಅವಳು ಮೆಟ್ಟಿಲಿಳಿದಳು.